ಹುರಿ ಎಲ್ಲೂ ಹೋಗಲ್ಲ

ಹಾಸ್ಟೆಲ್ ರೂಮಲ್ಲಿ ಹುಡುಕಿದರೆ ಒಂದು ಹಳೇ ಐಡಿ ಕಾರ್ಡ್ ಟ್ಯಾಗ್ ಸಿಕ್ಕೇ ಸಿಗುತ್ತೆ. ಫಸ್ಟ್ ಇಯರ್‌ದು, ಬಣ್ಣ ಹೋಗಿರೋದು. ಅದರ ಹೊಲಿಗೆ ಬಿಚ್ಚಿ ಉದ್ದಕ್ಕೆ ಹಿಡಿಯಿರಿ. ಒಂದು ತುದಿಯನ್ನು ಫ್ರೆಂಡ್ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ಆರು ಸುತ್ತು ತಿರುಗಿಸಿ. ಪೂರ್ತಿ ಆರು ಇರಲಿ, ಅರ್ಧ ಸುತ್ತು ಹೆಚ್ಚುಕಮ್ಮಿ ಆದರೆ ಅದು ಮೋಬಿಯಸ್ ಪಟ್ಟಿ ಆಗಿಬಿಡುತ್ತೆ, ಅದು ಬೇರೆ ಕಥೆ. ಈಗ ಎರಡೂ ತುದಿ ಸೇರಿಸಿ ಸ್ಟೇಪ್ಲರ್ ಹೊಡೆಯಿರಿ. ಒಂದು ಬಳೆ ಆಯ್ತು. ಎರಡು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದರೆ ಪಟ್ಟಿ ತನ್ನ ಸುತ್ತ ತಾನೇ ತಿರುಚಿಕೊಂಡಿರೋದು ಕಾಣುತ್ತೆ. ಕೈ ಸಡಿಲ ಬಿಟ್ಟರೆ ತಿರುಚು ಕಮ್ಮಿಯಾಗಿ, ಬಳೆಯೇ ಎಂಟರ ಆಕಾರದಲ್ಲಿ ಮಡಚಿಕೊಂಡು ಸುರುಳಿ ಸುತ್ತಿಕೊಳ್ಳುತ್ತೆ. ಮತ್ತೆ ಎಳೆಯಿರಿ, ಸುರುಳಿ ಹೋಗಿ ತಿರುಚು ವಾಪಸ್. ಎಷ್ಟು ಸಲ ಮಾಡಿದರೂ ಅಷ್ಟೇ. ಸ್ಟೇಪ್ಲರ್ ಪಿನ್ ಕೀಳದೆ ಆ ಆರು ಸುತ್ತನ್ನು ಹೊರಗೆ ಕಳಿಸೋಕೆ ಆಗಲ್ಲ.

ಪಟ್ಟಿಯ ಎರಡು ಅಂಚುಗಳನ್ನು ಡಿಎನ್‌ಎಯ ಎರಡು ಎಳೆ ಅಂದುಕೊಂಡರೆ, ನೀವು ಈಗ ಕೈಯಲ್ಲಿ ಹಿಡಿದಿರೋದು ಒಂದು ಬ್ಯಾಕ್ಟೀರಿಯಾದ ಕ್ರೋಮೋಸೋಮ್‌ನ ಮಾದರಿ. ಬ್ಯಾಕ್ಟೀರಿಯಾಗಳ ಡಿಎನ್‌ಎ ಸಾಮಾನ್ಯವಾಗಿ ಹೀಗೇ ಬಳೆಯಾಗಿರುತ್ತೆ. ಒಂದು ಎಳೆ ಇನ್ನೊಂದನ್ನು ಎಷ್ಟು ಸಲ ಸುತ್ತಿದೆ ಅನ್ನೋ ಲೆಕ್ಕಕ್ಕೆ ಲಿಂಕಿಂಗ್ ನಂಬರ್ ಅಂತಾರೆ. ಅದು ಪೂರ್ಣ ಸಂಖ್ಯೆ. ಎಳೆ ಕತ್ತರಿಸದೆ ಅದನ್ನು ಒಂದರಷ್ಟೂ ಬದಲಾಯಿಸೋಕೆ ಆಗಲ್ಲ. 1969ರಲ್ಲಿ ಜೇಮ್ಸ್ ವೈಟ್, 1971ರಲ್ಲಿ ಬ್ರಾಕ್ ಫುಲ್ಲರ್ ಅನ್ನೋ ಗಣಿತದವರು ಬರೆದಿದ್ದನ್ನು ಒಂದೇ ಸಾಲಲ್ಲಿ ಹೇಳಬಹುದು: ಲಿಂಕಿಂಗ್ ನಂಬರ್ ಅಂದರೆ ತಿರುಚು ಕೂಡಿಸು ಸುರುಳಿ. ಒಂದು ಕಮ್ಮಿಯಾದರೆ ಇನ್ನೊಂದು ಹೆಚ್ಚಾಗಬೇಕು. ಟ್ಯಾಗ್ ಎಳೆದು ಬಿಟ್ಟಾಗ ಆಗಿದ್ದು ಅದೇ.

ನಾನು ಮೆಕ್ಯಾನಿಕಲ್. ನಮಗೆ 'ಬಯಾಲಜಿ ಫಾರ್ ಎಂಜಿನಿಯರ್ಸ್' ಅನ್ನೋ ಸಬ್ಜೆಕ್ಟ್‌ನಲ್ಲಿ ಡಿಎನ್‌ಎಗೆ ಸಿಕ್ಕಿದ್ದು ಒಂದು ಸ್ಲೈಡ್, ಅದೇ ಬಣ್ಣಬಣ್ಣದ ಏಣಿಯ ಚಿತ್ರ. ಅಷ್ಟಕ್ಕೇ ಮುಗಿಸಿ ಮುಂದೆ ಹೋಗಬಹುದಿತ್ತು. ಹೋಗದೇ ಇದ್ದದ್ದಕ್ಕೆ ಕಾರಣ ನಮ್ಮ ಚಿಕ್ಕಪ್ಪ.

ನಮ್ಮೂರು ಅಗರ, ಯಳಂದೂರು ತಾಲ್ಲೂಕು. ಮಾಂಬಳ್ಳಿಗೆ ಅಂಟಿಕೊಂಡಂತೆ ಇರೋ ಊರು, ಕೊಳ್ಳೇಗಾಲ ಹತ್ತಿರ. ಚಿಕ್ಕಪ್ಪ ಗೂಡ್ಸ್ ಆಟೋ ಓಡಿಸ್ತಾರೆ. ಹೋದ ವರ್ಷ ಅವರಿಗೆ ಟಿಬಿ ಅಂತ ಗೊತ್ತಾಯ್ತು. ಕಫ ಪರೀಕ್ಷೆಯಲ್ಲಿ ಇನ್ನೊಂದು ವಿಷಯವೂ ಗೊತ್ತಾಯ್ತು: ಎಲ್ಲರಿಗೂ ಮೊದಲು ಕೊಡೋ ಮಾತ್ರೆಗಳಲ್ಲಿ ಒಂದಾದ ಐಸೋನಿಯಾಜಿಡ್‌ಗೆ ಅವರೊಳಗಿನ ಬ್ಯಾಕ್ಟೀರಿಯಾ ಬಗ್ಗಲ್ಲ. ಹಾಗಾಗಿ ಅದರ ಬದಲು ಲೆವೊಫ್ಲಾಕ್ಸಾಸಿನ್ ಸೇರಿಸಿ ಆರು ತಿಂಗಳ ಕೋರ್ಸ್ ಬರೆದರು. ಎರಡನೇ ತಿಂಗಳಿಗೆ ಕೆಮ್ಮು ನಿಂತಿತ್ತು, ತೂಕ ಸ್ವಲ್ಪ ಬಂದಿತ್ತು, ಕೀಲುನೋವು ಮಾತ್ರ ಜೋರಾಗಿತ್ತು. ಇನ್ನು ಮಾತ್ರೆ ಯಾಕೆ ಅನ್ನೋ ಯೋಚನೆ ಅವರಿಗೆ ಶುರುವಾಗಿತ್ತು. ನಾನು ರಜಕ್ಕೆ ಹೋಗಿದ್ದಾಗ ಸ್ಟ್ರಿಪ್ ಕೈಲಿ ಹಿಡಿದು ಕೇಳಿದರು: "ಮಗ, ನೀ ಓದಿರವ್ನಲ್ವ, ಈ ಮಾತ್ರ ಒಳಕ್ಕ ಹೋಗಿ ಏನ್ ಮಾಡ್ತದ ಯೋಳು."

ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ ನನಗೆ ಫೋನಲ್ಲಿ ಉತ್ತರ ಎರಡು ನಿಮಿಷಕ್ಕೆ ಸಿಕ್ತು. ಡಿಎನ್‌ಎ ಗೈರೇಸ್ ಅನ್ನೋ ಎನ್‌ಜೈಮ್ ಅನ್ನು ತಡೆಯುತ್ತೆ ಅಂತ. ಆ ವಾಕ್ಯವನ್ನು ಚಿಕ್ಕಪ್ಪನಿಗೆ ಹೇಳಿದರೆ ಏನು ಸಿಗುತ್ತೆ? ನನಗೇ ಏನೂ ಸಿಕ್ಕಿರಲಿಲ್ಲ. ಗೈರೇಸ್ ಏನು ಮಾಡುತ್ತೆ, ಅದು ನಿಂತರೆ ಬ್ಯಾಕ್ಟೀರಿಯಾ ಯಾಕೆ ಸಾಯಬೇಕು? ಇದನ್ನು ಹಿಂಬಾಲಿಸಿಕೊಂಡು ಹೋಗಿದ್ದೇ ಈ ಲೇಖನ. ಮಾತ್ರೆ ತಗೊಳ್ಳೋಕೆ ಅರ್ಥ ಆಗಲೇಬೇಕು ಅಂತೇನಿಲ್ಲ, ನಿಜ. ಆದರೆ ಆರು ತಿಂಗಳು ದಿನಾ ನುಂಗಬೇಕಾದವರು ಕೇಳಿದಾಗ, ಕೇಳಿದವರ ಭಾಷೆಯಲ್ಲಿ ಉತ್ತರ ಇರಬೇಕು ಅಂತ ನನಗೆ ಅನ್ನಿಸುತ್ತೆ.

ಪದ ಸಿಕ್ಕಿದ್ದು ತಾತನ ಹತ್ತಿರ. ತಾತ ಮೊದಲೆಲ್ಲ ಕತ್ತಾಳೆ ನಾರಿನಲ್ಲಿ ದನ ಕಟ್ಟೋ ಹಗ್ಗ ಹೊಸೆಯುತ್ತಿದ್ದರು. ಈಗ ನೈಲಾನ್ ಹಗ್ಗ ಅಂಗಡಿಯಲ್ಲೇ ಸಿಗುತ್ತೆ, ಆದರೂ ಕೈಗೆ ನಾರು ಸಿಕ್ಕರೆ ಸುಮ್ಮನೆ ಕೂರಲ್ಲ. ನಾರಿಗೆ ಕೊಡೋ ತಿರುಚಿಗೆ ಅವರ ಮಾತು 'ಹುರಿ'. ಕೊಳ್ಳೇಗಾಲದ ರೇಷ್ಮೆ ಕೆಲಸದವರ ಬಾಯಲ್ಲೂ ಅದೇ ಪದ, ದಾರಕ್ಕೆ ಹುರಿ ಮಾಡಿಸೋದು ಅಂತ. ಹಗ್ಗದ ಗುಟ್ಟು ಏನಪ್ಪ ಅಂದರೆ, ಎಳೆಗಳಿಗೆ ಒಂದು ಕಡೆಗೆ ಹುರಿ ಕೊಟ್ಟು, ಆಮೇಲೆ ಆ ಎಳೆಗಳನ್ನು ಒಂದರ ಸುತ್ತ ಒಂದು ಎದುರು ದಿಕ್ಕಿಗೆ ಸುತ್ತಬೇಕು. ಪ್ರತಿ ಎಳೆಯೂ ಬಿಚ್ಚಿಕೊಳ್ಳೋಕೆ ನೋಡುತ್ತೆ, ಬಿಚ್ಚಿಕೊಳ್ಳೋಕೆ ಹೋಗಿ ಪಕ್ಕದ್ದನ್ನೇ ಇನ್ನಷ್ಟು ಬಿಗಿ ಮಾಡುತ್ತೆ. ಅಂಟು ಇಲ್ಲ, ಗಂಟು ಇಲ್ಲ, ಹಗ್ಗ ನಿಂತಿರುತ್ತೆ. ಹುರಿ ಜಾಸ್ತಿಯಾದರೆ ಏನಾಗುತ್ತೆ ಅಂತ ಕೇಳಿದ್ದಕ್ಕೆ ತಾತ ಹೇಳಿದ್ದು, "ಕೊಟ್ಟ ಹುರಿ ಎಲ್ಲೂ ಹೋಗಲ್ಲ ಕನಪ್ಪ. ಬುಟ್ರ ಸುತ್ಕತ್ತದ." ಲಿಂಕಿಂಗ್ ನಂಬರ್‌ನ ಪಾಠವನ್ನು ಇಷ್ಟು ಚಿಕ್ಕದಾಗಿ ನಾನು ಬೇರೆಲ್ಲೂ ಓದಿಲ್ಲ. ಇನ್ನು ಮುಂದೆ ತಿರುಚಿಗೆ ಹುರಿ ಅಂತಲೇ ಬರೀತೀನಿ.

ಈಗ ಲೆಕ್ಕ. ಹೆದರಬೇಡಿ, ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್‌ನಲ್ಲಿ ನಾವು ಶಾಫ್ಟ್‌ಗೆ ಮಾಡಿದ್ದೇ ಇದು. ಒಂದು ಶಾಫ್ಟನ್ನು ತಿರುಚಿದರೆ ಅದರಲ್ಲಿ ಕೂಡಿಡುವ ಎನರ್ಜಿ ತಿರುಚಿದ ಕೋನದ ವರ್ಗಕ್ಕೆ ತಕ್ಕಂತೆ ಏರುತ್ತೆ, ಉದ್ದ ಹೆಚ್ಚಿದಷ್ಟೂ ಇಳಿಯುತ್ತೆ. ಡಿಎನ್‌ಎಗೂ ಹಾಗೇ. ನೆಮ್ಮದಿಯಾಗಿರುವ ಡಿಎನ್‌ಎಯಲ್ಲಿ ಸುಮಾರು 10.5 ಬೇಸ್ ಜೋಡಿಗೆ ಒಂದು ಸುತ್ತು. ಅದಕ್ಕಿಂತ ಎಷ್ಟು ಸುತ್ತು ಹೆಚ್ಚು ಅಥವಾ ಕಮ್ಮಿ ಇದೆಯೋ ಅದರ ವರ್ಗ ತಗೊಂಡು, 1100 ಆರ್‌ಟಿಯಿಂದ ಗುಣಿಸಿ, ಒಟ್ಟು ಬೇಸ್ ಜೋಡಿಗಳ ಸಂಖ್ಯೆಯಿಂದ ಭಾಗಿಸಿ. ಅದೇ ಸೂಪರ್‌ಕಾಯಿಲಿಂಗ್‌ನ ಎನರ್ಜಿ. ಆರ್‌ಟಿ ಅಂದರೆ ಥರ್ಮೋಡೈನಮಿಕ್ಸ್‌ನ ಅದೇ ಆರ್ ಗುಣಿಸು ಟಿ, ಶಾಖದಿಂದ ಅಣುಗಳು ಕುಲುಕಾಡೋದರ ಅಳತೆ. ದೊಡ್ಡ ಡಿಎನ್‌ಎಗಳಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತೆ.

ಈ ಎನರ್ಜಿಯನ್ನು 1975ರಲ್ಲಿ ಅಳೆದ ರೀತಿ ನನಗೆ ತುಂಬಾ ಇಷ್ಟವಾಯ್ತು. ಬಳೆಯ ಒಂದು ಎಳೆಯನ್ನು ಒಂದು ಕಡೆ ಕತ್ತರಿಸಿ ಬಿಟ್ಟರೆ ಅದು ಶಾಖಕ್ಕೆ ಕುಲುಕಾಡ್ತಾ ಆ ಕಡೆ ಈ ಕಡೆ ತಿರುಗ್ತಾ ಇರುತ್ತೆ. ಆಗ ಕತ್ತರಿಸಿದ್ದನ್ನು ಎನ್‌ಜೈಮ್ ಹಾಕಿ ಬೆಸೆದುಬಿಟ್ಟರೆ, ಆ ಕ್ಷಣದಲ್ಲಿ ಎಷ್ಟು ತಿರುಗಿತ್ತೋ ಅಷ್ಟೇ ಶಾಶ್ವತವಾಗಿ ಉಳಿಯುತ್ತೆ. ಕೋಟ್ಯಂತರ ಬಳೆಗಳನ್ನು ಹೀಗೆ ಬೆಸೆದು ಜೆಲ್‌ನಲ್ಲಿ ಓಡಿಸಿದರೆ ಏಣಿಯ ಮೆಟ್ಟಿಲಿನ ಹಾಗೆ ಗೆರೆಗಳು ಬರುತ್ತವೆ, ಒಂದೊಂದು ಮೆಟ್ಟಿಲಿಗೂ ಒಂದು ಸುತ್ತಿನ ವ್ಯತ್ಯಾಸ. ನಡುವಿನ ಮೆಟ್ಟಿಲುಗಳು ದಪ್ಪ, ಅಂಚಿನವು ತೆಳು. ನಮ್ಮ ಅದೇ ಬೆಲ್ ಕರ್ವ್. ಆ ಕರ್ವ್ ಎಷ್ಟು ಅಗಲ ಅನ್ನೋದರಿಂದ ಸ್ಪ್ರಿಂಗ್ ಎಷ್ಟು ಗಟ್ಟಿ ಅಂತ ಲೆಕ್ಕ ಹಾಕಿದರು. ಯಾರೂ ಡಿಎನ್‌ಎ ಹಿಡಿದು ತಿರುಚಲಿಲ್ಲ, ಶಾಖವೇ ತಿರುಚಿತು.

ಪಿಬಿಆರ್322 ಅನ್ನೋ ಹೆಸರಾಂತ ಪ್ಲಾಸ್ಮಿಡ್ ತಗೊಳ್ಳಿ. 4361 ಬೇಸ್ ಜೋಡಿ. 10.5ರಿಂದ ಭಾಗಿಸಿದರೆ 415 ಸುತ್ತು ಇರಬೇಕು. ಬ್ಯಾಕ್ಟೀರಿಯಾದಿಂದ ತೆಗೆದು ಶುದ್ಧ ಮಾಡಿದ ಡಿಎನ್‌ಎಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಆರರಷ್ಟು ಸುತ್ತು ಕಮ್ಮಿ ಇರುತ್ತೆ, ಅಂದರೆ ಇಲ್ಲಿ 25. ಲೆಕ್ಕ ಹಾಕಿದರೆ ಸುಮಾರು 158 ಆರ್‌ಟಿ ಬರುತ್ತೆ. 37 ಡಿಗ್ರಿಯಲ್ಲಿ ಮೋಲ್‌ಗೆ ಹತ್ತಿರ ಹತ್ತಿರ 97 ಕಿಲೋಕ್ಯಾಲೊರಿ. ಜೀವಕೋಶದೊಳಗೆ ಒಂದು ಎಟಿಪಿ ಒಡೆದರೆ ಸಿಗೋದು ಸುಮಾರು 12. ಅಂದರೆ ಆ ಪುಟ್ಟ ಬಳೆಯಲ್ಲಿ ಎಂಟು ಎಟಿಪಿಯಷ್ಟು ಬಿಗುವು ಕೂತಿದೆ. ಆದರೆ ಖರ್ಚಾಗೋದು ಎಂಟಲ್ಲ. ಗೈರೇಸ್ ಒಂದು ಸಲಕ್ಕೆ ಎರಡು ಸುತ್ತು ತೆಗೆಯುತ್ತೆ, ಎರಡು ಎಟಿಪಿ ತಿನ್ನುತ್ತೆ. 25 ಸುತ್ತಿಗೆ ಕಮ್ಮಿ ಅಂದರೂ 25 ಎಟಿಪಿ. ದಕ್ಷತೆ ಮೂರನೇ ಒಂದು ಭಾಗ, ಪೆಟ್ರೋಲ್ ಎಂಜಿನ್‌ಗಿಂತ ತುಂಬಾ ಏನೂ ಮುಂದಿಲ್ಲ! ಇನ್ನೊಂದು: ಮೊದಲ ಎರಡು ಸುತ್ತಿಗೆ 1 ಆರ್‌ಟಿ ಸಾಕು, ಕೊನೆಯ ಎರಡಕ್ಕೆ 24 ಬೇಕು. ವರ್ಗದ ಲೆಕ್ಕ ಅಲ್ವಾ. ಬಿಗಿಯಾಗಿರೋ ಹಗ್ಗಕ್ಕೆ ಇನ್ನೊಂದು ಹುರಿ ಕೊಡೋಕೆ ಹೋಗಿ ನೋಡಿ, ಅಂಗೈ ಹೇಳುತ್ತೆ.

ಡಿಎನ್‌ಎ ಸುರುಳಿ ಸುತ್ತಿಕೊಳ್ಳದೆ ಎಲ್ಲವನ್ನೂ ಹುರಿಯಾಗಿಯೇ ಹೊತ್ತುಕೊಂಡಿದ್ದರೆ ಈ ಎನರ್ಜಿ ನಾಲ್ಕೈದು ಪಟ್ಟು ಇರುತ್ತಿತ್ತು. ಸುರುಳಿ ಸುತ್ತಿಕೊಂಡು ಅದು ಉಳಿತಾಯ ಮಾಡುತ್ತೆ. ಕಮ್ಮಿಯಾದ ಸುತ್ತಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಸುರುಳಿಗೆ ಹೋಗುತ್ತೆ, ಕಾಲು ಪಾಲು ಮಾತ್ರ ಹುರಿಗೆ.

ಇಷ್ಟೆಲ್ಲ ಖರ್ಚು ಮಾಡಿ ಬಿಗುವು ಯಾಕೆ ಇಟ್ಟುಕೊಳ್ಳಬೇಕು? ಸುತ್ತು ಕಮ್ಮಿ ಇರೋ ಡಿಎನ್‌ಎ ಬಿಚ್ಚಿಕೊಳ್ಳೋಕೆ ತುದಿಗಾಲಲ್ಲಿ ನಿಂತಿರುತ್ತೆ. ಓದಬೇಕಾದಾಗ, ನಕಲು ಮಾಡಬೇಕಾದಾಗ ಎರಡು ಎಳೆ ಬೇರೆಯಾಗಬೇಕಲ್ಲ, ಆ ಖರ್ಚಿನ ಒಂದು ಭಾಗವನ್ನು ಮೊದಲೇ ಕಟ್ಟಿಟ್ಟ ಹಾಗೆ. ಇದು ಗೈರೇಸ್‌ನ ಒಂದು ಕೆಲಸ. ಚಿಕ್ಕಪ್ಪನ ಪ್ರಶ್ನೆಗೆ ಬೇಕಾದ್ದು ಇನ್ನೊಂದು ಕೆಲಸ, ಮತ್ತು ಅದಕ್ಕೆ ಬರಬೇಕಾದರೆ ಒಂದು ಹಳೆಯ ಜಗಳ ದಾಟಿ ಬರಬೇಕು.

ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ 44 ಲಕ್ಷ ಬೇಸ್ ಜೋಡಿಯ ಒಂದೇ ಬಳೆ. 10.5ರಿಂದ ಭಾಗಿಸಿ: ಹತ್ತಿರ ಹತ್ತಿರ 4.2 ಲಕ್ಷ ಸುತ್ತು. ಒಂದು ಬ್ಯಾಕ್ಟೀರಿಯಾ ಎರಡಾಗಬೇಕಾದರೆ ಹಳೆಯ ಎರಡು ಎಳೆ ಪೂರ್ತಿ ಬೇರೆಯಾಗಬೇಕು, 4.2 ಲಕ್ಷ ಅನ್ನೋದು ಸೊನ್ನೆಯಾಗಬೇಕು. ಬಳೆ ಕತ್ತರಿಸದೆ ಅದು ಅಸಾಧ್ಯ. ಬೇಗ ಬೆಳೆಯುವ ಇ. ಕೋಲಿಯಲ್ಲಂತೂ ನಕಲು ಮಾಡುವ ಯಂತ್ರ ಸೆಕೆಂಡಿಗೆ ಸುಮಾರು 1000 ಬೇಸ್ ಓಡುತ್ತೆ. ಮುಂದಿರೋ ಡಿಎನ್‌ಎ ತಿರುಗಬೇಕಾದ ವೇಗ ಲೆಕ್ಕ ಹಾಕಿ: ನಿಮಿಷಕ್ಕೆ 5700 ಸುತ್ತು. ಬೈಕ್ ಎಂಜಿನ್ ಪೂರ್ತಿ ಎಳೆದಾಗಿನ ಆರ್‌ಪಿಎಂ ಅದು.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್‌ಗೂ ಈ ತೊಡಕು ಗೊತ್ತಿತ್ತು. ಮರುವರ್ಷವೇ ಮ್ಯಾಕ್ಸ್ ಡೆಲ್‌ಬ್ರುಕ್ ಎಳೆಗಳನ್ನು ಕತ್ತರಿಸಿ ಮತ್ತೆ ಸೇರಿಸಿದರೆ ಹೇಗೆ ಅಂತ ಯೋಚಿಸಿ ಬರೆದ. ಆದರೆ ಇನ್ನೊಂದು ದಾರಿಯೂ ಇದೆ: ಎಳೆಗಳು ಸುತ್ತಿಕೊಂಡೇ ಇಲ್ಲ ಅಂದರೆ? ಈ ಪ್ರಶ್ನೆ ಕೇಳಿದವರಲ್ಲಿ ನಮ್ಮ ಬೆಂಗಳೂರಿನವರು ಇದ್ದರು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಐಐಎಸ್‌ಸಿಯಲ್ಲಿ ಜಿ. ಎನ್. ರಾಮಚಂದ್ರನ್ ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಇದೆಯಲ್ಲ, ಅಲ್ಲಿ ವಿ. ಶಶಿಶೇಖರನ್ ಮತ್ತು ಎನ್. ಪಟ್ಟಾಭಿರಾಮನ್ 1976ರಲ್ಲಿ 'ಕರೆಂಟ್ ಸೈನ್ಸ್'ನಲ್ಲಿ, 1978ರಲ್ಲಿ 'ನೇಚರ್'ನಲ್ಲಿ ಬೇರೆ ರೀತಿಯ ಡಿಎನ್‌ಎ ರಚನೆ ಮುಂದಿಟ್ಟರು. ಶಶಿಶೇಖರನ್ ಅಂದರೆ 1963ರ ರಾಮಚಂದ್ರನ್ ಪ್ಲಾಟ್‌ನ ಮೂವರಲ್ಲಿ ಒಬ್ಬರು. ಅವರ ಮಾದರಿಯಲ್ಲಿ ಎಳೆ ಸ್ವಲ್ಪ ದೂರ ಬಲಕ್ಕೆ ಸುತ್ತಿ, ಸ್ವಲ್ಪ ದೂರ ಎಡಕ್ಕೆ ಸುತ್ತುತ್ತೆ. ಬಲ, ಎಡ, ಬಲ, ಎಡ. ಕೂಡಿಸಿದರೆ ಸುತ್ತಿನ ಮೊತ್ತ ಸೊನ್ನೆಯ ಹತ್ತಿರ, ಎಳೆಗಳು ಜಿಪ್‌ನ ಹಾಗೆ ಅಕ್ಕಪಕ್ಕ, ಬಿಚ್ಚೋಕೆ ಸುಲಭ. ನ್ಯೂಜಿಲೆಂಡ್‌ನ ರಾಡ್ಲಿ ಗುಂಪು ಕೂಡ 1976ರಲ್ಲೇ ಇಂಥದ್ದೇ ಮಾದರಿ ಪ್ರಕಟಿಸಿತ್ತು.

ಉತ್ತರ ಕೊಡೋಕೆ ಸ್ವತಃ ಕ್ರಿಕ್ ಬಂದ. 1979ರಲ್ಲಿ ಕ್ರಿಕ್, ಜೇಮ್ಸ್ ವಾಂಗ್, ವಿಲಿಯಂ ಬಾಯರ್ ಸೇರಿ ಬರೆದ ಲೇಖನದ ತಲೆಬರಹವೇ ಡಿಎನ್‌ಎ ನಿಜವಾಗಲೂ ಡಬಲ್ ಹೆಲಿಕ್ಸಾ ಅಂತ. ಅವರು ಮುಂದಿಟ್ಟ ಸಾಕ್ಷಿ ಬಳೆಗಳದ್ದು. ಎಳೆಗಳು ಅಕ್ಕಪಕ್ಕ ಮಾತ್ರ ಇದ್ದರೆ ಬಳೆಯನ್ನು ಕಾಯಿಸಿದಾಗ ಎರಡು ಬಿಡಿ ಬಳೆ ಸಿಗಬೇಕು. ಸಿಗಲ್ಲ, ಬಿಡಿಸೋಕೆ ಆಗದಷ್ಟು ಸಿಕ್ಕಿಕೊಂಡಿರುತ್ತವೆ. ಅದೇ ಹೊತ್ತಿಗೆ ವಾಂಗ್ ಗೊತ್ತಿರುವ ಉದ್ದದ ತುಣುಕುಗಳನ್ನು ಬಳೆಗೆ ಸೇರಿಸ್ತಾ ಜೆಲ್‌ನ ಮೆಟ್ಟಿಲು ಎಷ್ಟು ಸರಿಯುತ್ತೆ ಅಂತ ನೋಡಿ, ನೀರಿನಲ್ಲಿರುವ ಡಿಎನ್‌ಎಗೆ 10.4 ಬೇಸ್ ಜೋಡಿಗೆ ಒಂದು ಸುತ್ತು ಅಂತ ತೋರಿಸಿದ. ಸುತ್ತು ಇದೆ, ಎಣಿಸಬಹುದು. ಬೆಂಗಳೂರಿನ ಮಾದರಿ ಸೋತಿತು. ಆದರೂ ನನ್ನ ಮಟ್ಟಿಗೆ ಅದು ಕೆಲಸಕ್ಕೆ ಬಾರದ ಸೋಲಲ್ಲ. ಎಲ್ಲರೂ ಒಪ್ಪಿಕೊಂಡು ಸುಮ್ಮನಿದ್ದ ಒಂದು ಚಿತ್ರವನ್ನು ಮತ್ತೆ ಅಳೆದು ನೋಡುವ ಹಾಗೆ ಮಾಡಿತು. ಎಡಕ್ಕೆ ಸುತ್ತುವ ಡಿಎನ್‌ಎ ಅಂತೂ ಇದೆ ಅಂತಲೂ ಗೊತ್ತಾಯ್ತು, 1979ರ ಕೊನೆಗೆ ಅಲೆಕ್ಸಾಂಡರ್ ರಿಚ್ ಗುಂಪು ಜೆಡ್ ಡಿಎನ್‌ಎಯ ಹರಳಿನಲ್ಲಿ ಅದನ್ನು ಕಂಡಿತು, ಇವರು ಹೇಳಿದ ರೂಪದಲ್ಲಿ ಅಲ್ಲದಿದ್ದರೂ.

ಸರಿ, ಸುತ್ತು ನಿಜ. ಹಾಗಾದರೆ ನಕಲು ಮುಗಿಯುವ ಹೊತ್ತಿಗೆ ಅದರಲ್ಲಿ ಸ್ವಲ್ಪ ಉಳಿದುಹೋದರೆ? ಇಲ್ಲಿದೆ ನನಗೆ ರೋಮಾಂಚನ ಆದ ಜಾಗ. ಹಳೆಯ ಎರಡು ಎಳೆಗಳ ನಡುವೆ ಬಿಡಿಸದೆ ಉಳಿದ ಪ್ರತಿಯೊಂದು ಸುತ್ತೂ, ಹೊಸದಾಗಿ ಹುಟ್ಟಿದ ಎರಡು ಬಳೆಗಳ ನಡುವಿನ ಕೊಂಡಿಯಾಗುತ್ತೆ. ತಾಯಿಯೊಳಗಿನ ಸುತ್ತು ಮಕ್ಕಳಿಬ್ಬರ ನಡುವಿನ ಸರಪಳಿಯಾಗುತ್ತೆ, ಒಂದಕ್ಕೊಂದು. ಕೊಟ್ಟ ಹುರಿ ಎಲ್ಲೂ ಹೋಗಲ್ಲ. ಹೀಗೆ ಒಂದರೊಳಗೊಂದು ಕೋದುಕೊಂಡ ಡಿಎನ್‌ಎ ಬಳೆಗಳನ್ನು 1967ರಲ್ಲಿ ಹಡ್ಸನ್ ಮತ್ತು ವಿನೊಗ್ರಾಡ್ ಮನುಷ್ಯರ ಕೋಶಗಳ ಮೈಟೊಕಾಂಡ್ರಿಯಾದಲ್ಲಿ ಕಂಡಿದ್ದರು. ಕ್ಯಾಟಿನೇನ್ ಅನ್ನೋದು ಅದರ ಹೆಸರು, ಲ್ಯಾಟಿನ್‌ನಲ್ಲಿ ಸರಪಳಿ ಅಂತ ಅರ್ಥ.

ಈ ಕೊಂಡಿಗೆ ಎನರ್ಜಿ ಎಷ್ಟು? ಎರಡು ಬಳೆ ಕೋದುಕೊಂಡಿದ್ದರೆ ಅವುಗಳ ನಡುವೆ ಬೆಸುಗೆ ಇಲ್ಲ, ಬಾಂಡ್ ಇಲ್ಲ. ಕಳೆದುಕೊಂಡಿರೋದು ಸ್ವಾತಂತ್ರ್ಯ ಮಾತ್ರ: ದೂರ ಹೋಗೋಕೆ ಆಗಲ್ಲ, ಇಷ್ಟ ಬಂದ ಹಾಗೆ ತಿರುಗೋಕೆ ಆಗಲ್ಲ. ಥರ್ಮೋಡೈನಮಿಕ್ಸ್‌ನಲ್ಲಿ ಅದಕ್ಕೂ ಬೆಲೆ ಇದೆ, ಎಂಟ್ರೊಪಿ ಲೆಕ್ಕದಲ್ಲಿ. ಈಗ ಇದಕ್ಕೆ ಸೂಪರ್‌ಕಾಯಿಲಿಂಗ್ ಸೇರಿಸಿ. ಮತ್ತೆ ಟ್ಯಾಗ್ ತಗೊಳ್ಳಿ, ಈ ಸಲ ಎರಡು. ಸ್ಟೇಪಲ್ ಹೊಡೆಯೋ ಮೊದಲು ಒಂದನ್ನು ಇನ್ನೊಂದರೊಳಗೆ ತೂರಿಸಿ. ಹುರಿ ಇಲ್ಲದಿದ್ದರೆ ಎರಡೂ ಆರಾಮಾಗಿ ಒಂದರೊಳಗೊಂದು ಜಾರುತ್ತವೆ. ಎರಡಕ್ಕೂ ಎಂಟು ಸುತ್ತು ಹುರಿ ಕೊಟ್ಟು ಬಿಟ್ಟರೆ ಒಂದೊಂದೂ ತನ್ನಷ್ಟಕ್ಕೆ ಸುರುಳಿಯಾಗಿ ಮುದುಡುತ್ತೆ, ನಡುವಿನ ಜಾಗ ಮುಚ್ಚಿಹೋಗುತ್ತೆ, ಕೊಂಡಿ ಸುರುಳಿಯ ತುದಿಯ ಸಣ್ಣ ಕುಣಿಕೆಗೆ ತಳ್ಳಲ್ಪಡುತ್ತೆ. ಅಲ್ಲಿ ಬಿಗಿಯಾಗಿ ಬಾಗಿಕೊಂಡು ಕೂರುತ್ತೆ. ಡಿಎನ್‌ಎಗೆ ಬಾಗೋದು ಸುಲಭವಲ್ಲ, 50 ನ್ಯಾನೋಮೀಟರ್ ಉದ್ದದವರೆಗೆ ಅದು ಹೆಚ್ಚುಕಮ್ಮಿ ಕಡ್ಡಿ. ಮೇಲಾಗಿ ಮೈತುಂಬ ನೆಗೆಟಿವ್ ಚಾರ್ಜ್, ಹತ್ತಿರ ಬಂದರೆ ತಳ್ಳುತ್ತೆ. ಹಾಗಾಗಿ ಸಡಿಲ ಬಳೆಗಳಿಗೆ ಅಗ್ಗವಾಗಿದ್ದ ಕೊಂಡಿ ಹುರಿ ಬಿಗಿದ ಬಳೆಗಳಿಗೆ ದುಬಾರಿಯಾಗುತ್ತೆ. ಮುದುಡಿದ ಬಳೆಗಳು ಬೇರೆಬೇರೆಯಾಗಿ ಇರೋದನ್ನೇ ಬಯಸುತ್ತವೆ.

ಅಂದರೆ ಎಟಿಪಿ ಸುರಿದು ಕಟ್ಟಿಟ್ಟ ಆ ಬಿಗುವು ಎಳೆ ಬಿಚ್ಚೋಕೆ ಮಾತ್ರ ಅಲ್ಲ, ಮಕ್ಕಳನ್ನು ಬೇರೆ ಮಾಡೋಕೂ ನೆರವಾಗುತ್ತೆ.

ಪ್ರಭಾವ ಒಂದೇ ಕಡೆಗಲ್ಲ. ಎರಡು ಬಳೆಗಳು ಒಂದನ್ನೊಂದು ಹತ್ತಾರು ಸಲ ಸುತ್ತಿಕೊಂಡಿದ್ದರೆ ಪ್ರತಿ ಬಳೆಯ ಮೈಯೇ ಹಗ್ಗದ ಎಳೆಯ ಹಾಗೆ ಓಲಾಡಿಕೊಂಡು ಹೋಗುತ್ತೆ. ಅದೂ ಒಂದು ಸುರುಳಿಯೇ. ಬಳೆಯ ಲಿಂಕಿಂಗ್ ನಂಬರ್ ಬದಲಾಗೋ ಹಾಗಿಲ್ಲ, ಆದ್ದರಿಂದ ಒಳಗಿನ ಹುರಿ ಹೊಂದಿಕೊಳ್ಳಬೇಕು. 1988ರಲ್ಲಿ ವಾಸರ್‌ಮನ್, ವೈಟ್, ಕೊಜರೆಲ್ಲಿ ಇದನ್ನು 'ನೇಚರ್'ನಲ್ಲಿ ಬರೆದರು: ಕೊಂಡಿಗಳ ಸಂಖ್ಯೆಗೂ ಸೂಪರ್‌ಕಾಯಿಲಿಂಗ್‌ಗೂ ತಕ್ಕಂತೆ ಡಿಎನ್‌ಎಯ ಒಂದು ಸುತ್ತಿನ ಅಳತೆಯೇ ಬದಲಾಗುತ್ತೆ ಅಂತ. ತಾತನ ಹಗ್ಗದಲ್ಲಿ ಎಳೆಯ ಹುರಿ ಮತ್ತು ಹಗ್ಗದ ಸುತ್ತು ಒಂದನ್ನೊಂದು ಹಿಡಿದು ನಿಲ್ಲಿಸಿವೆಯಲ್ಲ, ಅದೇ ಜಾತಿಯ ಲೆಕ್ಕ.

ಆದರೆ ಬಯಸಿದ ಮಾತ್ರಕ್ಕೆ ಕೊಂಡಿ ಬಿಚ್ಚಲ್ಲ. ಕತ್ತರಿ ಬೇಕು. ಎರಡೂ ಎಳೆ ಕತ್ತರಿಸಿ, ಆ ಬಾಗಿಲಿನಿಂದ ಇನ್ನೊಂದು ಡಿಎನ್‌ಎಯನ್ನು ದಾಟಿಸಿ, ಮತ್ತೆ ಮುಚ್ಚಬೇಕು. ಟೈಪ್ ಟು ಟೊಪೊಐಸೊಮರೇಸ್ ಅನ್ನೋ ಎನ್‌ಜೈಮ್‌ಗಳು ಮಾಡೋದು ಇದನ್ನೇ, ಮತ್ತು ಅವು ಬರೀ ಕತ್ತರಿ ಅಲ್ಲ. 1997ರಲ್ಲಿ ರೈಬೆಂಕೊವ್ ಮತ್ತು ಜೊತೆಗಾರರು 'ಸೈನ್ಸ್'ನಲ್ಲಿ ತೋರಿಸಿದ ಪ್ರಕಾರ ಈ ಎನ್‌ಜೈಮ್‌ಗಳು ಇದ್ದಾಗ ಗಂಟು, ಕೊಂಡಿಗಳು ಥರ್ಮಲ್ ಈಕ್ವಿಲಿಬ್ರಿಯಂನಲ್ಲಿ ಇರಬೇಕಾದ್ದಕ್ಕಿಂತ 80 ಪಟ್ಟುವರೆಗೆ ಕಮ್ಮಿಯಾಗುತ್ತವೆ. ಸುಮ್ಮನೆ ಕಣ್ಣುಮುಚ್ಚಿ ಕತ್ತರಿಸಿ ದಾಟಿಸುತ್ತಿದ್ದರೆ ಈಕ್ವಿಲಿಬ್ರಿಯಂ ಬರಬೇಕಿತ್ತು. ಅಷ್ಟು ಪುಟ್ಟ ಎನ್‌ಜೈಮ್‌ಗೆ ಅಷ್ಟು ದೊಡ್ಡ ಬಳೆಯಲ್ಲಿ ಯಾವ ಕಡೆ ದಾಟಿಸಿದರೆ ಬಿಡಿಸಿದ ಹಾಗೆ ಅಂತ ಹೇಗೆ ಗೊತ್ತಾಗುತ್ತೆ? ತಾನು ಹಿಡಿದ ಜಾಗದಲ್ಲಿ ಡಿಎನ್‌ಎಯನ್ನು ಬಲವಾಗಿ ಬಾಗಿಸಿ, ಒಂದೇ ದಿಕ್ಕಿನಲ್ಲಿ ದಾಟಿಸುತ್ತೆ ಅನ್ನೋದು ಒಂದು ವಿವರಣೆ. ಎಟಿಪಿ ಸುಮ್ಮನೆ ಹೋಗ್ತಿಲ್ಲ ಅಂತಾಯ್ತು.

ಇ. ಕೋಲಿಯಲ್ಲಿ ಈ ಕೆಲಸ ಇಬ್ಬರ ನಡುವೆ ಹಂಚಿಹೋಗಿದೆ. ಹುರಿ ಹಾಕೋದು ಗೈರೇಸ್, ಮಕ್ಕಳ ಕೊಂಡಿ ಬಿಡಿಸೋದು ಮುಖ್ಯವಾಗಿ ಟೊಪೊಐಸೊಮರೇಸ್ ಫೋರ್. 1998ರಲ್ಲಿ ಟಿಬಿ ಬ್ಯಾಕ್ಟೀರಿಯಾದ ಪೂರ್ತಿ ಜೀನೋಮ್ ಓದಿದಾಗ ಅದರಲ್ಲಿ ಎರಡನೆಯದು ಇರಲೇ ಇಲ್ಲ. ಹಾಗಾದರೆ ಬಿಡಿಸೋರು ಯಾರು? 2002ರಲ್ಲಿ ಉತ್ತರ ಬಂದಿದ್ದೂ ಐಐಎಸ್‌ಸಿಯಿಂದಲೇ. ವಿ. ನಾಗರಾಜ ಅವರ ಗುಂಪು 'ನ್ಯೂಕ್ಲಿಯಿಕ್ ಆಸಿಡ್ಸ್ ರಿಸರ್ಚ್' ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸದ ಪ್ರಕಾರ ಟಿಬಿಯ ಕುಟುಂಬದ ಬ್ಯಾಕ್ಟೀರಿಯಾಗಳ ಗೈರೇಸ್ ಕೊಂಡಿ ಬಿಡಿಸೋದರಲ್ಲೂ ಗಟ್ಟಿಗ. ಇ. ಕೋಲಿಯ ಗೈರೇಸ್‌ಗೆ ಅಷ್ಟು ಚೆನ್ನಾಗಿ ಬಾರದ ಕೆಲಸ ಅದು. ಇಂಥ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಬಳಸೋದು ಒಂದು ವಿಚಿತ್ರ ವಸ್ತು, ಟ್ರಿಪನೋಸೋಮ್ ಜಾತಿಯ ಪರಾವಲಂಬಿಗಳ ಕೈನೆಟೊಪ್ಲಾಸ್ಟ್ ಡಿಎನ್‌ಎ. ಸಾವಿರಾರು ಪುಟ್ಟ ಬಳೆಗಳು ಪ್ರತಿಯೊಂದೂ ಸುತ್ತಲಿನ ಮೂರಕ್ಕೆ ಕೋದುಕೊಂಡು, ಹಳೇ ಕಾಲದ ಸೈನಿಕರ ಉಕ್ಕಿನ ಅಂಗಿಯ ಹಾಗಿರುತ್ತೆ. ಇಡೀ ಬಲೆ ಜೆಲ್‌ನೊಳಗೆ ಹೋಗದಷ್ಟು ದೊಡ್ಡದು, ಬಿಡಿಯಾದ ಬಳೆ ಮಾತ್ರ ಓಡುತ್ತೆ. ಎನ್‌ಜೈಮ್ ಕೆಲಸ ಮಾಡಿತಾ ಇಲ್ವಾ ಅಂತ ಕಣ್ಣಲ್ಲೇ ಗೊತ್ತಾಗುತ್ತೆ.

ಹುರಿ ಹಾಕೋದೂ ಅದೇ, ಕೊಂಡಿ ಬಿಡಿಸೋದೂ ಅದೇ. ಒಬ್ಬನೇ ಆಳು, ಎರಡು ಕೆಲಸ. ಲೆವೊಫ್ಲಾಕ್ಸಾಸಿನ್ ಹಿಡಿಯೋದು ಆ ಆಳನ್ನು. ಅದೂ ಸುಮ್ಮನೆ ಅಡ್ಡ ನಿಲ್ಲಲ್ಲ. ಗೈರೇಸ್ ಡಿಎನ್‌ಎಯನ್ನು ಕತ್ತರಿಸಿ ತುದಿಗಳನ್ನು ಕೈಯಲ್ಲಿ ಹಿಡಿದುಕೊಂಡಿರುವ ಹೊತ್ತಲ್ಲಿ ನಡುವೆ ಹೋಗಿ ಕೂರುತ್ತೆ, ಬೆಸೆಯೋಕೆ ಬಿಡಲ್ಲ. ಬಾಗಿಲು ತೆರೆದೇ ಉಳಿಯುತ್ತೆ. ಹೀಗೆ ಅಲ್ಲಲ್ಲಿ ತುಂಡಾದ ಕ್ರೋಮೋಸೋಮ್ ಇಟ್ಟುಕೊಂಡು ಬ್ಯಾಕ್ಟೀರಿಯಾ ಬದುಕಲ್ಲ.

ಚಿಕ್ಕಪ್ಪನಿಗೆ ಇದನ್ನು ಹೇಳಿದ್ದು ಜಗಲಿ ಮೇಲೆ, ತಾತನ ಹಗ್ಗದ ತುಂಡು ಇಟ್ಟುಕೊಂಡು. ಹುರಿ ಕೊಟ್ಟೆ, ತುದಿ ಸೇರಿಸಿ ಕಟ್ಟಿದೆ, ಸುತ್ತಿಕೊಂಡಿದ್ದು ತೋರಿಸಿದೆ. ಹುಳ ಎರಡಾಗೋವಾಗ ಒಳಗಿನ ಹಗ್ಗವೂ ಎರಡಾಗುತ್ತೆ, ಎರಡೂ ಕೋದುಕೊಂಡಿರ್ತವೆ, ಬಿಡಿಸೋ ಆಳು ಒಬ್ಬ ಇದ್ದಾನೆ, ಅವನು ಕತ್ತರಿಸಿ ಗಂಟು ಹಾಕೋದರೊಳಗೆ ಈ ಮಾತ್ರೆ ಅವನ ಕೈ ಹಿಡ್ಕೊಳ್ಳುತ್ತೆ ಅಂದೆ. ಅವರು ಹಗ್ಗ ತಿರುಗಿಸಿ ನೋಡಿದರು. "ಅವ್ನು ಕೈ ಕೊಸರ್ಕಂಡ್ರ?" ಒಳ್ಳೇ ಪ್ರಶ್ನೆ. ಕೊಸರಿಕೊಳ್ಳೋದು ಹೀಗೆ: ಗೈರೇಸ್‌ನಲ್ಲಿ ಮಾತ್ರೆ ಕೂರುವ ಜಾಗದ ಹತ್ತಿರ, 90 ಅಥವಾ 94ನೇ ಅಮೈನೊ ಆಸಿಡ್ ಬದಲಾದರೆ ಸಾಕು, ಮಾತ್ರೆಗೆ ಹಿಡಿತ ಸಿಗಲ್ಲ. ಅಂಥ ಹುಳ ಕೋಟಿಯಲ್ಲಿ ಒಂದೆರಡು ಇರಬಹುದು. ಅರ್ಧಕ್ಕೆ ಬಿಟ್ಟರೆ ಸತ್ತಿರೋದು ಉಳಿದವು, ಬೆಳೆಯೋದು ಅವು. ಬೇರೆ ಮಾತ್ರೆಗಳನ್ನು ಜೊತೆಗೆ ಕೊಡೋದೂ ಅದಕ್ಕೇ, ಇದರ ಕೈ ತಪ್ಪಿದ್ದನ್ನು ಅವು ಹಿಡೀಲಿ ಅಂತ. ಐಸೋನಿಯಾಜಿಡ್ ಆಗಲೇ ಕೈಬಿಟ್ಟಿತ್ತು, ಇದೂ ಬಿಟ್ಟರೆ ಮುಂದಿನ ದಾರಿ ಇನ್ನೂ ಉದ್ದ.

ಅವರು ಬೇರೇನೂ ಹೇಳಲಿಲ್ಲ. ಎದೆಯುರಿ ಅಂತ ಗ್ಯಾಸ್ ಮಾತ್ರೆ ತಗೋತಿದ್ದರು, ಅದರ ಅಲ್ಯೂಮಿನಿಯಂ, ಮೆಗ್ನೀಸಿಯಂ ಈ ಮಾತ್ರೆಯನ್ನು ಮೈಗೆ ಹತ್ತೋಕೆ ಬಿಡಲ್ಲ, ಎರಡರ ನಡುವೆ ಗಂಟೆಗಟ್ಟಲೆ ಅಂತರ ಇರಲಿ ಅಂತ ನರ್ಸ್ ಹೇಳಿದ್ದನ್ನು ಅವತ್ತಿಂದ ಪಾಲಿಸಿದರು. ಆರು ತಿಂಗಳು ಮುಗಿಸಿದರು. ಕೊನೆಯ ಕಫ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಅದರಲ್ಲಿ ನನ್ನ ಹಗ್ಗದ ಪಾಠದ ಪಾಲು ಎಷ್ಟು, ಪ್ರತಿ ವಾರ ಮನೆಗೆ ಬರ್ತಿದ್ದ ಆಶಾ ಅಕ್ಕನ ಪಾಲು ಎಷ್ಟು ಅಂತ ಅಳೆಯೋಕೆ ಜೆಲ್ ಇಲ್ಲ. ಅಕ್ಕನದೇ ಜಾಸ್ತಿ ಇರಬೇಕು.

ಯುಗಾದಿಗೆ ಹೋದಾಗ ಚಿಕ್ಕಪ್ಪ ಆಟೋಗೆ ಲೋಡ್ ಬಿಗೀತಾ ಇದ್ದರು, ನೈಲಾನ್ ಹಗ್ಗದಲ್ಲಿ. ನನ್ನನ್ನು ನೋಡಿ ಕೇಳಿದ್ದು ಇನ್ನೊಂದು ಪ್ರಶ್ನೆ: ಹುಳದೊಳಗೆ ಹಂಗಾದರೆ ನಮ್ಮೊಳಗೆ? ನಮ್ಮೊಳಗೂ ಅಷ್ಟೇ ಅಂದೆ. ನಮ್ಮ ಡಿಎನ್‌ಎ ಬಳೆಯಲ್ಲ, ಉದ್ದನೆಯದು, ಆದರೂ ತುದಿ ತಿರುಗಿ ಬಿಚ್ಚಿಕೊಳ್ಳೋಕೆ ಆಗದಷ್ಟು ಉದ್ದ, ಪ್ರೋಟೀನ್‌ಗಳು ಅಲ್ಲಲ್ಲಿ ಕಟ್ಟಿ ಹಿಡಿದಿರುತ್ತವೆ. ಪ್ರತಿ ಸಲ ಕೋಶ ಎರಡಾಗುವಾಗ ಕೋದುಕೊಳ್ಳುತ್ತೆ. ನಮ್ಮ ಆಳಿನ ಹೆಸರು ಟೊಪೊಐಸೊಮರೇಸ್ ಟು. ಆಕಾರ ಬೇರೆ ಇರೋದರಿಂದ ಲೆವೊಫ್ಲಾಕ್ಸಾಸಿನ್‌ಗೆ ಅವನ ಕೈ ಸುಲಭಕ್ಕೆ ಸಿಗಲ್ಲ. ಅವನ ಕೈ ಹಿಡಿಯೋ ಔಷಧಿ ಬೇರೆ ಇದೆ, ಎಟೊಪೊಸೈಡ್, ಡಾಕ್ಸೊರುಬಿಸಿನ್. ಕ್ಯಾನ್ಸರ್‌ಗೆ ಕೊಡೋದು, ಬೇಗ ಬೇಗ ಎರಡಾಗ್ತಾ ಇರೋ ಕೋಶಗಳಿಗೆ ಹೆಚ್ಚು ಏಟು ಬೀಳಲಿ ಅಂತ. ಕೂದಲಿನ ಬೇರಿನ ಕೋಶಗಳೂ ಬೇಗ ಎರಡಾಗುತ್ತವೆ, ಕೂದಲು ಉದುರೋದು ಅದಕ್ಕೇ.

"ಓಹೋ," ಅಂದು ಹಗ್ಗದ ತುದಿ ನನ್ನ ಕೈಗೆ ಕೊಟ್ಟರು. "ಆ ಕಡಿಂದ ಎಳ್ಕ."